ಮೊದಲ ಕೊಂಡಿ ಖಾಲಿ

ಮೂವತ್ತು ಕೊಂಡಿಯ ಪಟ್ಟಿ ಇದು,
ಗ್ರೆನೇಡು ಮಾತ್ರ ಇಪ್ಪತ್ತೊಂಬತ್ತು.
ಮೊದಲ ಕೊಂಡಿ ಖಾಲಿ ಬಿಡಬೇಕು,
ಅದನ್ನು ಹಿಡಿದೇ ಮಿಕ್ಕದ್ದನ್ನೆಲ್ಲ ಒಳಗೆಳೆಯುವುದು.
ಯಾರೆಮಾ ಹೇಳಿಕೊಟ್ಟ ಮೊದಲ ಪಾಠ.
ಮರೆತು ತುಂಬಿದರೆ? ಕೇಳಿದ್ದೆ.
ಬೈಸಿಕೊಳ್ಳುತ್ತೀಯ, ಅಂದ.

ಒಖ್ತಿರ್ಕಾದ ಶಾಲೆಯ ಅಡುಗೆಮನೆಯಲ್ಲಿ
ಹತ್ತೊಂಬತ್ತು ವರ್ಷ ಸೌಟು ಹಿಡಿದವಳು ನಾನು, ಒಡಾರ್ಕಾ.
ಎಣಿಸುವುದು ಹೊಸದಲ್ಲ ನನಗೆ:
ತಟ್ಟೆ, ಚಮಚ, ಬೀಟ್‌ರೂಟು,
ಎರಡನೇ ಸಲ ಸಾಲಿಗೆ ಬಂದು ನಿಂತ ಕಳ್ಳ ಮೂತಿಗಳು.

ಪೆಟ್ಟಿಗೆ ಬಿಚ್ಚಿದರೆ ಮೈಯೆಲ್ಲ ಗ್ರೀಸು.
ಒಂದೊಂದನ್ನೂ ಬಟ್ಟೆಯಲ್ಲಿ ಒರೆಸುತ್ತೇನೆ,
ಗೂಡಿನಿಂದ ತಂದ ಮೊಟ್ಟೆ ಒರೆಸಿದ ಹಾಗೆ.
ಜಾಡಿಯಲ್ಲಿ ಹುಳಿ ಹಾಕಿದ ಸೌತೆಯಷ್ಟು ಉದ್ದ,
ಅಷ್ಟೇ ತಣ್ಣಗೆ.
ಪೆಟ್ಟಿಗೆಯ ಮೇಲೆ ಅಚ್ಚೊತ್ತಿದ ವರ್ಷ ನಾನು ಹುಟ್ಟಿದ್ದು.
ಆಚೆಯವರ ಪೆಟ್ಟಿಗೆಯ ಮೇಲೂ ಅದೇ ಇರಬಹುದು,
ಒಂದೇ ಕಾರ್ಖಾನೆ, ಒಂದೇ ಪಾಳಿ, ಯಾರಿಗೆ ಗೊತ್ತು.
ಕೈ ಜಿಡ್ಡಾದರೆ ಬಾಯಿಯೂ ಜಿಡ್ಡೇ ಇಲ್ಲಿ,
ಬ್ರೆಡ್ಡಿಗೂ ಅದೇ ವಾಸನೆ.

ಮರಸಾಲಿನ ಹಿಂದೆ ತೋಡಿದ ಗುಂಡಿ.
ಮೂರು ಕಾಲೂರಿ ಕುಳ್ಳಗೆ ಕೂತಿದೆ,
ಆಕಾಶಕ್ಕೆ ಗದ್ದ ಎತ್ತಿ.
ಕಣ್ಣಿಗೆ ಕಣ್ಣಿಟ್ಟು ಹೊಡೆಯುವ ಬಂದೂಕಲ್ಲ ಇದು.
ಗುರಿ ದಿಬ್ಬದ ಆಚೆ,
ಕೊಯ್ಲಾಗದೆ ನಿಂತಲ್ಲೇ ಕಪ್ಪಾದ ಸೂರ್ಯಕಾಂತಿಯ ಆಚೆ.
ನಮಗೆ ಕಾಣದ್ದು ಝೇನಿಕ್‌ಗೆ ಕಾಣುತ್ತದೆ,
ನೆಲಮಾಳಿಗೆಯಲ್ಲಿ, ಡ್ರೋನಿನ ಪರದೆ ಮಡಿಲಲ್ಲಿಟ್ಟುಕೊಂಡು.
ಬಲಕ್ಕೆ ಹತ್ತು. ಮುಂದಕ್ಕೆ ಇಪ್ಪತ್ತು.
ಯಾವಾಗಲೂ ಹಲ್ಲುನೋವಿದ್ದವನ ದನಿ.

ಟಪ್ ಟಪ್ ಟಪ್.
ಅಷ್ಟೆ. ಯಾರೋ ಜಮಖಾನ ಕೊಡವಿದ ಸದ್ದು.
ಆಮೇಲೆ ಏನೂ ಇಲ್ಲ.

ಈ ಏನೂ ಇಲ್ಲದ್ದರ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ.
ಹದಿನೇಳು ಸೆಕೆಂಡು, ಗಾಳಿ ಎದುರಾದರೆ ಇನ್ನೊಂದು.
ಆಡಿದರೆ ಹೋಯಿತು ಮಾತು, ಅನ್ನುತ್ತಾರೆ.
ಇದು ಹೋಗಿಯೂ ಹೋಗುತ್ತಲೇ ಇರುತ್ತದೆ.
ಯಾರೆಮಾ ಆಗ ಮೂಗು ಒರೆಸಿಕೊಳ್ಳುತ್ತಾನೆ.
ನಾನು ಬೂಟಿನೊಳಗೆ ಬೆರಳು ಮಡಚುತ್ತ ಎಣಿಸುತ್ತೇನೆ,
ದೂರದಲ್ಲಿ ಮುಚ್ಚಳ ಬಿದ್ದ ಹಾಗೆ ಕೇಳುವವರೆಗೆ.

ಒಂದು ಗುರುವಾರ ಝೇನಿಕ್‌ಗೆ ಚಹಾ ಕೊಡಲು ಇಳಿದಿದ್ದೆ.
ಮೇಲೆ ಗುಂಡಿಯಲ್ಲಿ ಹ್ನಾತ್ ನನ್ನ ಜಾಗದಲ್ಲಿದ್ದ.
ಪರದೆಯಲ್ಲಿ ಕಂದಕದ ಬಾಯಿ, ಅದರಿಂದೊಬ್ಬ ಹೊರಬಂದ,
ಕೈಯಲ್ಲಿ ಪಾತ್ರೆ.
ಕೂತು ಮಣ್ಣಿಂದ ಉಜ್ಜತೊಡಗಿದ.
ತಳ ಹಿಡಿದ ಗಂಜಿ ಇರಬೇಕು.
ಹಾಗಲ್ಲ ಮಾರಾಯ, ಅಂದಿತು ನನ್ನೊಳಗಿನ ಅಡುಗೆಯವಳು,
ಸೋಡಾ ಹಾಕಿ ರಾತ್ರಿಯಿಡೀ ನೆನೆಯಬಿಡಬೇಕು.
ಮೇಲೆ ಜಮಖಾನ ಕೊಡವಿದ ಸದ್ದು.

ನಾಲ್ಕು. ಅವನು ಉಗುಳಿ ಉಜ್ಜುತ್ತಿದ್ದಾನೆ.
ಒಂಬತ್ತು. ಪಾತ್ರೆ ಎತ್ತಿ ಬೆಳಕಿಗೆ ಹಿಡಿದ.
ಚಹಾ ನನ್ನ ಕೈಮೇಲೆ ಚೆಲ್ಲಿದ್ದು ಹದಿಮೂರಕ್ಕೆ.
ಆಮೇಲಿನದು ಬೂದು ಬಣ್ಣದ ಆರು ಪೊದೆ, ಸದ್ದಿಲ್ಲದೆ,
ಒಂದರ ಮಗ್ಗುಲಲ್ಲಿ ಒಂದು.
ಬಿತ್ತು, ಅಂದ ಝೇನಿಕ್. ಎಡಕ್ಕೆ ಐದು.

ದುಃಖಪಟ್ಟೆ ಎಂದು ಹೇಳಲಾರೆ.
ನಮ್ಮ ಶಾಲೆಯ ಒಲೆಗಳು ಈಗ ಬಯಲಲ್ಲಿವೆ,
ಮೇಲೆ ಮಾಡಿಲ್ಲ, ಹಿಂದೆ ಗೋಡೆಯಿಲ್ಲ,
ಹಿಟ್ಟಿನ ಡಬ್ಬಿಯಲ್ಲಿ ಮಳೆನೀರು.
ಅದನ್ನು ಯಾರು ಎಣಿಸಿದರು, ಯಾವ ನೆಲಮಾಳಿಗೆಯಲ್ಲಿ ಕೂತು?
ಆದರೂ ಆ ಪಾತ್ರೆ.
ಹೊಗೆ ತಿಳಿಯಾಗುವ ಮುಂಚೆ ಡ್ರೋನಿನ ಬ್ಯಾಟರಿ ಮುಗಿಯಿತು,
ಪರದೆ ಕಪ್ಪಾಯಿತು, ನಾನು ಮೇಲೆ ಹತ್ತಿ ಬಂದೆ.

ಸಂಜೆ ಪಟ್ಟಿ ತುಂಬುತ್ತ ಕೂತೆ.
ಒರೆಸು, ಒತ್ತು. ಒರೆಸು, ಒತ್ತು.
ಎಷ್ಟಾಯಿತು? ಕೇಳಿದ ಯಾರೆಮಾ.
ಮೂವತ್ತು, ಅಂದೆ.
ಅವನು ಬೈಯಲಿಲ್ಲ.
ಮೊದಲ ಕೊಂಡಿಯಲ್ಲಿದ್ದದ್ದನ್ನು ಹೆಬ್ಬೆರಳಿಂದ ಮೀಟಿ ತೆಗೆದು
ನನ್ನ ಅಂಗೈಯಲ್ಲಿಟ್ಟ.
ಎಲ್ಲಿಡಲಿ ಇದನ್ನು?
ಕತ್ತಲಲ್ಲಿ ನನ್ನ ಕೈ ತಾನಾಗಿ
ತೊಟ್ಟಿರದ ಏಪ್ರನ್ನಿನ ಜೇಬು ಹುಡುಕುತ್ತಿತ್ತು.